ಅಪ್‌ಡೇಟ್: ಅಜ್ಜಿಯ ಕಾರ್ಡಿಗನ್ ಮುಗಿಯಿತು

ಮಡಿಕೇರಿಯಲ್ಲಿರುವ ಅಜ್ಜಿಗೆ ಕಾರ್ಡಿಗನ್ ಹೆಣೆಯುತ್ತಿದ್ದೇನೆ, ಬೆನ್ನು ಬಾಗಿರುವುದರಿಂದ ಅಂಗಡಿಯದ್ದೆಲ್ಲ ಹಿಂದೆ ಮೇಲಕ್ಕೇರಿ ಮುಂದೆ ಜೋತು ಬೀಳುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಮುಗಿಯಿತು!

ಮೊದಲು ಚಿಕ್ಕ ತುಂಡು ಹೆಣೆದು ಒಗೆದು ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಒಗೆಯುವ ಮೊದಲು 10 ಸೆಂ.ಮೀ.ಗೆ 22 ಸ್ಟಿಚ್ ಇತ್ತು, ಒಣಗಿದ ಮೇಲೆ 20. ಅಜ್ಜಿಯ ಎದೆ ಸುತ್ತಳತೆ 92. ಒಳಗೆ ಸೀರೆ ಸೆರಗು ಇರುತ್ತದೆ ಅಲ್ವಾ, ಅದಕ್ಕೆ 8 ಸೆಂ.ಮೀ. ಸಡಿಲ ಬಿಟ್ಟು 100 ಇಟ್ಟುಕೊಂಡೆ, ಅಂದರೆ ಒಟ್ಟು 200 ಸ್ಟಿಚ್. ಹಳೇ ಲೆಕ್ಕದಲ್ಲಿ 220 ಹಾಕಿದ್ದರೆ ಒಗೆದ ಮೇಲೆ 110 ಆಗಿಬಿಡುತ್ತಿತ್ತು.

ಬೆನ್ನಿಗೆ ಶಾರ್ಟ್ ರೋ ಹಾಕಿದೆ. ಸಾಲನ್ನು ಪೂರ್ತಿ ಹೆಣೆಯದೆ ನಡುವೆಯೇ ತಿರುಗಿ ಬರುವುದು. ಹೀಗೆ ಬೆನ್ನಿನ ಮೇಲ್ಭಾಗಕ್ಕೆ ಮಾತ್ರ 4 ಸೆಂ.ಮೀ. ಉದ್ದ ಜಾಸ್ತಿ ಸಿಕ್ಕಿತು, ಮುಂಭಾಗ ಹಾಗೇ ಉಳಿಯಿತು. ಎರಡು ಸಲ ಬಿಚ್ಚಿದೆ, ಬೇಜಾರಿಲ್ಲ. ಬೆರಳು ನೋಯುತ್ತದೆ ಅಂತ ಅಜ್ಜಿ ಹೇಳಿದ್ದಕ್ಕೆ ಗುಂಡಿಗಳನ್ನೂ ದೊಡ್ಡದೇ ಹಾಕಿದೆ.

ನಿನ್ನೆ ತೊಡಿಸಿದೆ. ಹಿಂದೆ ಮುಂದೆ ಅಂಚು ಒಂದೇ ಸಮ! ಅಜ್ಜಿ ಕೈ ಹಿಂದೆ ಹಾಕಿ ಸೊಂಟ ಮುಟ್ಟಿ ನೋಡಿ, "ಈಗ ಇಲ್ಲಿ ಚಳಿ ಆಗಲ್ಲ ಮಗಾ" ಅಂದರು.