‘ಪಾಸಿಂಗ್’ ಅಂದರೆ ನಿಮ್ಮ ಕಡೆ ಏನರ್ಥ?

ಎಲ್ಲರಿಗೂ ನಮಸ್ಕಾರ. ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ. ನಿಮ್ಮ ಮುಂದೆ ಇಡುತ್ತೇನೆ.

ಮೈಸೂರಿನ ಗೆಳೆಯರೊಬ್ಬರು ಬಾದಾಮಿ, ಐಹೊಳೆ ನೋಡಲು ಮನೆಮಂದಿಯೆಲ್ಲ ಬರುವವರಿದ್ದರು. ನಮ್ಮ ಕಾಕಾನ ಮಗನ ಹತ್ತಿರ ಬಾಡಿಗೆಗೆ ಓಡಿಸುವ ಕ್ರೂಸರ್ ಇದೆ. ಅದು ಸಿಗುತ್ತಾ ಅಂತ ಫೋನ್ ಮಾಡಿದರು. ‘ತಮ್ಮನ ಗಾಡಿ ಪಾಸಿಂಗ್‌ಗೆ ಹೋಗಿದೆ, ಎರಡು ದಿನ ತಡೀರಿ’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, ‘ಯಾಕೆ, ಮಾರಿಬಿಟ್ರಾ?’ ಅಂದರು! ನಾನು ಬಿಡಿಸಿ ಹೇಳಿದ ಮೇಲೆ, ‘ಓ, ಎಫ್‌ಸಿ ಅನ್ನಿ’ ಅಂತ ನಕ್ಕರು. ಎಫ್‌ಸಿ ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಗಾಡಿ ರಸ್ತೆಗೆ ಯೋಗ್ಯ ಅಂತ ಕೊಡುವ ಕಾಗದ.

ನಮ್ಮ ವಿಜಯಪುರದಲ್ಲಿ ‘ಎಫ್‌ಸಿ’ ಗೊತ್ತಿಲ್ಲ ಅಂತಲ್ಲ. ಕಾಗದದ ಹೆಸರು ಎಫ್‌ಸಿ, ಕೆಲಸದ ಹೆಸರು ಪಾಸಿಂಗ್. ಗಾಡಿಯನ್ನು ಒಯ್ದು, ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ನಿಲ್ಲಿಸಿ, ಬ್ರೇಕು, ಲೈಟು, ಹಾರ್ನು ತೋರಿಸಿ ಸೈ ಅನ್ನಿಸಿಕೊಂಡು ಬರುವುದು ಪಾಸಿಂಗ್. ಆಮೇಲೆ ಕೈಗೆ ಬರುವುದು ಎಫ್‌ಸಿ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಇದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ‘ಗಾಡಿ ಎಲ್ಲೀದು?’ ಅಂದರೆ ‘ಇಪ್ಪತ್ತೆಂಟರ ಪಾಸಿಂಗ್’ ಅನ್ನುತ್ತಾರೆ. ಅಂದರೆ ಕೆಎ-28, ವಿಜಯಪುರದಲ್ಲೇ ನೋಂದಣಿಯಾದ ಗಾಡಿ. ಬಾಗಲಕೋಟೆಯದಾದರೆ ಇಪ್ಪತ್ತೊಂಬತ್ತರ ಪಾಸಿಂಗ್, ಬೆಳಗಾವಿಯದಾದರೆ ಇಪ್ಪತ್ತೆರಡರ ಪಾಸಿಂಗ್. ಸೊಲ್ಲಾಪುರದ ಎಂಎಚ್-13 ಗಾಡಿಗೆ ಸುಮ್ನೆ ‘ಮಹಾರಾಷ್ಟ್ರ ಪಾಸಿಂಗ್’ ಅಂದುಬಿಡುತ್ತಾರೆ. ಹಳೇ ಗಾಡಿ ಕೊಳ್ಳುವವರು ಮೊದಲು ಕೇಳುವ ಮಾತೇ ಇದು. ಮರಾಠಿಯವರೂ ಇದೇ ಪದವನ್ನು ಎರಡೂ ಅರ್ಥದಲ್ಲಿ ಬಳಸುತ್ತಾರೆ. ಹಾಗಾಗಿ ಪದ ಆ ಕಡೆಯಿಂದ ಬಂದಿರಬಹುದು ಅಂತ ನನ್ನ ಊಹೆ.

ನೋಂದಣಿಗೂ ತಪಾಸಣೆಗೂ ಒಂದೇ ಹೆಸರು ಹೇಗೆ ಬಂತು? ನನಗೆ ತೋಚಿದ್ದು ಹೀಗೆ. ಹಿಂದೆ ಹೊಸ ಗಾಡಿಯನ್ನೂ ನೋಂದಣಿಗೆ ಮೊದಲು ಅಧಿಕಾರಿ ಮುಂದೆ ತಂದು ತೋರಿಸಬೇಕಿತ್ತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೇ ಒಂದು ಕಲಂ ಇತ್ತು. ಡೀಲರ್ ಹತ್ತಿರ ಕೊಂಡ ಹೊಸ ಗಾಡಿಗೆ ಆ ಓಡಾಟ ಬೇಡ ಅಂತ ತಿದ್ದಿದ್ದು 2019ರಲ್ಲಿ. ಅಂದರೆ ಗಾಡಿ ಮೊದಲ ಸಲ ‘ಪಾಸ್’ ಆಗುತ್ತಿದ್ದದ್ದು ನಂಬರ್ ಬರುವ ಹೊತ್ತಿಗೆ. ಆಮೇಲೆ ಬಾಡಿಗೆ ಗಾಡಿ ಆದರೆ ಮತ್ತೆ ಮತ್ತೆ ಪಾಸ್ ಆಗಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿತೋ ಪ್ರತಿ ವರ್ಷ. ಸ್ವಂತದ ಕಾರಿಗೆ ಈ ತಾಪತ್ರಯ ಇಲ್ಲ. 15 ವರ್ಷ ನಿಶ್ಚಿಂತೆ, ಆಮೇಲೆ ಐದೈದು ವರ್ಷಕ್ಕೆ. ಅದಕ್ಕೇ ಇರಬೇಕು, ಕಾರಿನವರ ಬಾಯಲ್ಲಿ ಪಾಸಿಂಗ್ ಅಂದರೆ ನಂಬರ್ ಪ್ಲೇಟು, ಕ್ರೂಸರ್, ಟಂಟಂ ಆಟೊ, ಲಾರಿಯವರ ಬಾಯಲ್ಲಿ ವರ್ಷದ ಪರೀಕ್ಷೆ.

ಪರೀಕ್ಷೆ ಅಂದೆನಲ್ಲ, ಅಲ್ಲೊಂದು ಮಜಾ ಇದೆ. ಶಾಲೆಯ ಪರೀಕ್ಷೆಯಲ್ಲಿ ‘ಪಾಸ್’ ಇದ್ದರೆ ನಮ್ಮಲ್ಲಿ ‘ನಪಾಸ್’ ಕೂಡ ಇದೆ. ಗಾಡಿ ಮಾತ್ರ ನಪಾಸ್ ಆದದ್ದನ್ನು ನಾನು ಕೇಳಿಲ್ಲ. ಈ ಸಲ ತಮ್ಮನ ಗಾಡಿ ಪಾಸಾಗಲಿಲ್ಲ. ಮನೆಗೆ ಬಂದು ಅವನು ಹೇಳಿದ್ದು, ‘ಅಣ್ಣಾ, ಗಾಡಿ ವಾಪಸ್ ಕಳಿಸ್ಯಾರ’ ಅಂತ. ತನ್ನ ಗಾಡಿಗೆ ನಪಾಸ್ ಅನ್ನಲು ಯಾವ ಮಾಲೀಕನಿಗೂ ಬಾಯಿ ಬರುವುದಿಲ್ಲ ಕಾಣುತ್ತದೆ.

ವಾಪಸ್ ಬರಲು ಕಾರಣ ಎರಡು. ಎರಡರಲ್ಲೂ ನನಗೆ ಒಂದೊಂದು ಪದ ಸಿಕ್ಕಿತು.

ಒಂದು, ಸ್ಟೇರಿಂಗು. ಮರುದಿನ ಗ್ಯಾರೇಜಿಗೆ ನಾನೂ ಹೋಗಿದ್ದೆ. ಮಿಸ್ತ್ರಿ ಕಿಟಕಿಯಿಂದ ಕೈ ಹಾಕಿ, ಎರಡೇ ಬೆರಳಲ್ಲಿ ಸ್ಟೇರಿಂಗ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ‘ಗಾಲಿ ನೋಡ್ರಿ’ ಅಂದರು. ಸ್ಟೇರಿಂಗ್ ತಿರುಗುತ್ತಿದೆ, ಮುಂದಿನ ಗಾಲಿ ಕದಲುತ್ತಿಲ್ಲ. ‘ಇಷ್ಟ್ ಪ್ಲೇ ಐತಿ. ಟೈರಾಡ್ ಎಂಡ್ ಸವದಾವ. ರೋಡಿನ ಮ್ಯಾಲ ಗಾಡಿ ಹಾವ ಹರದಂಗ ಹೋಗತೈತಿ.’ ಟೈರಾಡ್ ಎಂಡ್ ಅಂದರೆ ಸ್ಟೇರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ಸರಳಿನ ತುದಿ. ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ ಇಂಥ ಸಡಿಲ 30 ಡಿಗ್ರಿ ಮೀರಬಾರದು. ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದಷ್ಟು. ತಮ್ಮನದು ಅದನ್ನೂ ದಾಟಿತ್ತು. ದಿನಾ ಓಡಿಸುವವನಿಗೆ ಗೊತ್ತೇ ಆಗಿರಲಿಲ್ಲ, ಕೈಗೆ ರೂಢಿಯಾಗಿತ್ತು.

ಈ ‘ಪ್ಲೇ’ಗೆ ಕನ್ನಡ ಏನು? ‘ಸಡಿಲ’ ಅಂದರೆ ಸಾಲದು. ಬೋಲ್ಟು ಸಡಿಲಾದರೆ ಬಿಗಿ ಮಾಡಬಹುದು, ಈ ಪ್ಲೇ ಹಾಗಲ್ಲ. ಎರಡು ತುಂಡು ಸವೆದು ನಡುವೆ ಜಾಗ ಬಿದ್ದಿರುತ್ತದೆ, ತುಂಡನ್ನೇ ಬದಲಿಸಬೇಕು. ನಾನು ಯೋಚಿಸುತ್ತಾ ನಿಂತಿದ್ದಾಗ ಅಲ್ಲೇ ಕೂತಿದ್ದ ಮುದುಕರೊಬ್ಬರು, ‘ನಮ್ಮ ಚಕ್ಕಡಿ ಗಾಲೀನೂ ಹಿಂಗ ಆಡತಿತ್ತು’ ಅಂದರು. ಅರೆ! ‘ಆಡು’ ಅಂದರೆ ಆಟ ಮಾತ್ರ ಅಲ್ಲ, ಅಲುಗುವುದೂ ಹೌದಲ್ವಾ? ಮನೆಯೊಳಗೆ ಗಾಳಿ ಆಡುತ್ತದೆ, ಉಸಿರು ಆಡುತ್ತದೆ, ಹಲ್ಲು ಅಳ್ಳಾಡುತ್ತದೆ. ‘ಸ್ಟೇರಿಂಗ್ ಆಡ್ತಿದೆ’ ಅಂದರೆ ಪ್ಲೇ ಪೂರ್ತಿ ಬಂದಂತೆ. ಅದು ಇಂಗ್ಲಿಷಿನಿಂದ ಎತ್ತಿದ್ದೂ ಅಲ್ಲ, ಚಕ್ಕಡಿಯಿಂದ ಬಂದದ್ದು.

ಎರಡನೆಯದು ಸಣ್ಣದು. ಹಿಂದಿನ ಕೆಂಪು ‘ರೇಡಿಯಂ’ ಕಿತ್ತುಹೋಗಿತ್ತು. ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅದು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಅದರಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. ಹಿಂದೆ ಕೈಗಡಿಯಾರದ ಮುಳ್ಳಿಗೆ ನಿಜವಾದ ರೇಡಿಯಂ ಬಣ್ಣ ಹಚ್ಚುತ್ತಿದ್ದರು, ಅದು ಕತ್ತಲಲ್ಲಿ ತಾನೇ ಹೊಳೆಯುತ್ತಿತ್ತು. ಇದು ಎದುರಿನ ಬೆಳಕನ್ನು ವಾಪಸ್ ಕಳಿಸುತ್ತದೆ, ಅಷ್ಟೇ. ಹೆಸರು ಮಾತ್ರ ಉಳಿದುಕೊಂಡಿದೆ. ಇದು ನಾಡಿನ ತುಂಬಾ ಬಳಕೆಯಲ್ಲಿದೆ ಅಂದುಕೊಂಡಿದ್ದೇನೆ, ಚರ್ಚೆ ಬೇಡ.

ನಾನು ಮಿಸ್ತ್ರಿ ಅಂದದ್ದಕ್ಕೆ ತೆಂಕಣದವರು ನಗಬಹುದು. ನಿಮ್ಮ ಮೇಸ್ತ್ರಿ, ನಮ್ಮ ಮಿಸ್ತ್ರಿ ಎರಡೂ ಪೋರ್ಚುಗೀಸಿನ ‘ಮೆಸ್ತ್ರೆ’ಯ ಮಕ್ಕಳೇ. ನಿಮ್ಮವರು ಗೋಡೆ ಕಟ್ಟಿದರು, ನಮ್ಮವರು ಎಂಜಿನ್ ಬಿಚ್ಚಿದರು.

ಈಗ ನನ್ನ ಪ್ರಶ್ನೆ. ಎಫ್‌ಸಿಗೆ ಪತ್ರಿಕೆಗಳಲ್ಲಿ ಅರ್ಹತಾ ಪತ್ರ, ಸುಸ್ಥಿತಿ ಪ್ರಮಾಣಪತ್ರ, ಕ್ಷಮತಾ ಪತ್ರ ಅಂತೆಲ್ಲ ನೋಡಿದ್ದೇನೆ. ‘ಅರ್ಹತೆ’ ಮನುಷ್ಯರ ನೌಕರಿಗೆ ಸರಿ, ಕ್ರೂಸರ್‌ಗೆ ಯಾಕೋ ಒಗ್ಗುವುದಿಲ್ಲ. ‘ಸುಸ್ಥಿತಿ’ ವಾಸಿ. ಆದರೆ ಇವೆಲ್ಲ ಕಾಗದದ ಹೆಸರಾದವು. ಗಾಡಿಯನ್ನು ತೋರಿಸಿಕೊಂಡು ಬರುವ ಕೆಲಸಕ್ಕೆ ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಮಂಗಳೂರಿನಲ್ಲಿ ಏನನ್ನುತ್ತೀರಿ? ‘ಪಾಸಿಂಗ್’ ಯಾವ ಊರಿನವರೆಗೆ ನಡೆಯುತ್ತದೆ? ‘ಇಂಥ ನಂಬರಿನ ಪಾಸಿಂಗ್’ ಅನ್ನುವ ಬಳಕೆ ಇಲ್ಲದ ಕಡೆಯೂ ವರ್ಷದ ತಪಾಸಣೆಗೆ ಪಾಸಿಂಗ್ ಅನ್ನುತ್ತಾರಾ, ಅದನ್ನು ತಿಳಿಯುವ ಆಸೆ ಜಾಸ್ತಿ ಇದೆ.

ತಮ್ಮನ ಗಾಡಿ ನಿನ್ನೆ ಪಾಸಾಯಿತು. ಮೈಸೂರಿನವರಿಗೆ ಫೋನ್ ಮಾಡಿ, ‘ಎಫ್‌ಸಿ ಆಯ್ತು, ಬನ್ನಿ’ ಅಂದೆ. ‘ಪಾಸಿಂಗ್ ಆಯ್ತು ಅನ್ನಿ’ ಅಂತ ಅವರೇ ತಿದ್ದಿದರು.