ತಂಗಿಯ ಮಗು 29 ವಾರಕ್ಕೇ ಹುಟ್ಟಿದೆ, ಎನ್‌ಐಸಿಯುನಲ್ಲಿದೆ. ಮನೆಯವರು ನಾವೇನು ಮಾಡಬೇಕು?

ದಾವಣಗೆರೆ_ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಕಳೆದ ವಾರ ಹೆರಿಗೆ ಆಯಿತು. ಬಿಪಿ ಒಂದೇ ಸಮ ಏರುತ್ತಿತ್ತು, ಇನ್ನು ಕಾಯೋ ಹಾಗಿಲ್ಲ ಅಂತ ಡಾಕ್ಟರು 29 ವಾರಕ್ಕೇ ಸಿಸೇರಿಯನ್ ಮಾಡಿದರು. ಹೆಣ್ಣು ಮಗು, 1.1 ಕೆಜಿ. ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಬೆಚ್ಚಗಿಡೋ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮೂಗಿಗೆ ಉಸಿರಾಟಕ್ಕೆ ನೆರವಾಗೋ ಸಿಪ್ಯಾಪ್ ಇದೆ, ಬಾಯಿಂದ ಹೊಟ್ಟೆಗೆ ಸಣ್ಣದೊಂದು ಟ್ಯೂಬು. ಸದ್ಯಕ್ಕೆ ಪರವಾಗಿಲ್ಲ ಅನ್ನುತ್ತಾರೆ.

ಮಗುವನ್ನು ನೋಡಿಕೊಳ್ಳೋಕೆ ಅಲ್ಲಿ ಡಾಕ್ಟರು, ಸಿಸ್ಟರುಗಳು ಇದ್ದಾರೆ. ನನಗೆ ಚಿಂತೆ ತಂಗಿ ಮತ್ತು ಅವಳ ಗಂಡನದ್ದು. ಅವಳನ್ನು ಡಿಸ್ಚಾರ್ಜ್ ಮಾಡಿದರು, ಅಮ್ಮನ ಮನೆಗೆ ಬಂದಿದ್ದಾಳೆ, ಮಗು ಆಸ್ಪತ್ರೆಯಲ್ಲೇ ಇದೆ. ಬೆಳಿಗ್ಗೆ ಸಂಜೆ ಹೋಗಿ ನೋಡಿ ಬರುತ್ತಾಳೆ. ಮನೆಗೆ ಬಂದರೆ ಫೋನು. ಒಬ್ಬರಾದ ಮೇಲೆ ಒಬ್ಬರು ತೂಕ ಎಷ್ಟಾಯಿತು ಅಂತ ಕೇಳುತ್ತಾರೆ. ಒಬ್ಬ ದೊಡ್ಡಮ್ಮ ಬಂದು, ಬಸಿರಲ್ಲಿ ಸ್ಕೂಟರ್ ಓಡಿಸಿದ್ದಕ್ಕೇ ಹೀಗಾಯಿತು ಅಂದು ಹೋದರು. ಅವತ್ತಿಂದ ಅವಳು ಸರಿಯಾಗಿ ಮಾತೇ ಆಡುತ್ತಿಲ್ಲ. ಅವಳ ಗಂಡ ದುಡ್ಡು ಹೊಂದಿಸೋದು, ಔಷಧಿ ತರೋದು, ಹೀಗೇ ಓಡಾಡುತ್ತಿದ್ದಾರೆ. ಅವರು ಊಟ ಮಾಡಿದರಾ ಇಲ್ಲವಾ ಅಂತ ಕೇಳೋರೂ ಇಲ್ಲ.

ಬಾಣಂತನ ಅಮ್ಮ ಮಾಡುತ್ತಿದ್ದಾರೆ. ಆದರೆ ಮಗು ಪಕ್ಕದಲ್ಲಿಲ್ಲದ ಬಾಣಂತನ ಹೇಗೆ ಮಾಡೋದು ಅಂತ ನಮಗ್ಯಾರಿಗೂ ಗೊತ್ತಿಲ್ಲ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ. ಧೈರ್ಯ ತಂದುಕೋ ಅನ್ನೋದನ್ನು ಬಿಟ್ಟು ಬೇರೆ ಏನು ಮಾಡಬಹುದು?

ಮಲೆನಾಡ_ಅಮ್ಮ

ಮೊದಲಿಗೆ ಅಭಿನಂದನೆ. ನಿಮ್ಮ ಮನೆಗೆ ಹೆಣ್ಣು ಮಗು ಬಂದಿದೆ. ಇದನ್ನು ನಿಮ್ಮ ತಂಗಿಗೂ ಯಾರಾದರೂ ಹೇಳಿ. ದಿನ ತುಂಬದೆ ಮಗು ಹುಟ್ಟಿದಾಗ ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಾರೆ. ಮಗು ಹುಟ್ಟಿದ ಸಂತೋಷವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಮಗ ಹುಟ್ಟಿದಾಗ ಸಕ್ಕರೆ ಹಂಚಿದ್ದು ನಮ್ಮತ್ತೆ ಒಬ್ಬರೇ. ವಾರ್ಡಿನ ಆಯಾಗೂ ಕೊಟ್ಟರು. ಅದು ನನಗೆ ಇವತ್ತಿಗೂ ನೆನಪಿದೆ.

ಫೋನಿನ ಕೆಲಸ ನೀವು ವಹಿಸಿಕೊಳ್ಳಿ ಅಕ್ಕ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ, ಇನ್ನು ಮೇಲೆ ಮಗುವಿನ ವಿಷಯ ನಾನೇ ಹಾಕುತ್ತೇನೆ, ತಂಗಿಗೆ ಯಾರೂ ಫೋನ್ ಮಾಡಬೇಡಿ ಅಂತ ನೇರವಾಗಿ ಬರೆಯಿರಿ. ಯಾರಿಗಾದರೂ ಬೇಜಾರಾದರೆ ಆಗಲಿ ಬಿಡಿ. ತೂಕದ ಪ್ರಶ್ನೆ ಎಷ್ಟು ಚುಚ್ಚುತ್ತೆ ಅಂತ ಕೇಳೋರಿಗೆ ಗೊತ್ತಿರುವುದಿಲ್ಲ. ಮೊದಲ ವಾರದಲ್ಲಿ ಈ ಮಕ್ಕಳ ತೂಕ ಇಳಿಯುತ್ತೆ, ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರೋಕೇ ಎರಡು ವಾರ ಹಿಡಿಯಬಹುದು, ಅದು ಸಹಜ. ಆದರೆ ದಿನಾ ಹತ್ತು ಜನಕ್ಕೆ "ಇಲ್ಲ, ಇನ್ನೂ ಕಮ್ಮಿ ಆಗಿದೆ" ಅಂತ ಹೇಳಬೇಕಾದ ತಾಯಿಯ ಗತಿ ಯೋಚಿಸಿ.

ಆ ಸ್ಕೂಟರಿನ ಮಾತನ್ನು ಹಾಗೇ ಬಿಡಬೇಡಿ. ಅವಳನ್ನು ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಿಸಿ. ಬಸಿರಲ್ಲಿ ಬಿಪಿ ಏರೋದಕ್ಕೂ ಸ್ಕೂಟರಿಗೂ ಸಂಬಂಧ ಇಲ್ಲ. ಅವಳ ಗಂಡ, ನಿಮ್ಮ ಅಮ್ಮ ಇಬ್ಬರೂ ಆಗ ಜೊತೆಗಿದ್ದರೆ ಒಳ್ಳೆಯದು, ಆಮೇಲೆ ಮನೆಯಲ್ಲಿ ಆ ಮಾತು ಏಳುವುದಿಲ್ಲ.

ಇನ್ನು ಹಾಲು. ಮಗು ಹತ್ತಿರ ಇಲ್ಲದಿದ್ದರೂ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ತೆಗೆಯಬೇಕು, ದಿನಕ್ಕೆ ಎಂಟು ಸಲವಾದರೂ, ರಾತ್ರಿ ಕೂಡ. ಅಳೋ ಮಗು ಇಲ್ಲದೆ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಕೂರೋದು ತುಂಬ ಕಷ್ಟ. ಆ ಹೊತ್ತಿಗೆ ನೀವು ಎದ್ದು ಬಿಸಿನೀರು ಕೊಟ್ಟು, ಡಬ್ಬಿ ಕುದಿಸಿ ಕೊಟ್ಟು, ಮುಗಿದ ಮೇಲೆ ಡಬ್ಬಿ ಮೇಲೆ ದಿನಾಂಕ, ಗಂಟೆ ಬರೆದು ಫ್ರಿಜ್ಜಿಗೆ ಇಟ್ಟರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಮೊದಮೊದಲು ಹಾಲು ತಳ ಮುಚ್ಚುವಷ್ಟು ಮಾತ್ರ ಬರುತ್ತೆ. ಇಷ್ಟೇನಾ ಅಂತ ಮಾತ್ರ ಯಾರೂ ಅನ್ನಬಾರದು. ಅಷ್ಟು ಚಿಕ್ಕ ಮಗುವಿಗೆ ಒಂದೊಂದು ಹನಿಯೂ ಔಷಧಿ.

ಎನ್‌ಐಸಿಯು_ಸಿಸ್ಟರ್

ನಾನು ಹುಬ್ಬಳ್ಳಿ ಕಡೆ ಎನ್‌ಐಸಿಯುನಲ್ಲಿ ಸ್ಟಾಫ್ ನರ್ಸ್. ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ.

ಒಂದು ಮಾತು ಒಪ್ಪಲಾರೆ. ಮಗುವನ್ನು ನೋಡಿಕೊಳ್ಳೋಕೆ ಅಲ್ಲಿ ಜನ ಇದ್ದಾರೆ ಅಂದಿರಿ. ಇದ್ದೇವೆ, ಆದರೆ ನಮ್ಮ ಕೈಯಲ್ಲಿ ಆಗದ ಕೆಲಸ ಒಂದಿದೆ. ಕಾಂಗರೂ ಮದರ್ ಕೇರ್, ಅಂದರೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಮಗುವನ್ನು ಎದೆ ಮೇಲೆ ಇಟ್ಟುಕೊಳ್ಳೋದು. ನಾವು ಕೆಎಂಸಿ ಅನ್ನುತ್ತೇವೆ. ಕೊಲಂಬಿಯಾ ದೇಶದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಪೆಟ್ಟಿಗೆಗಳು ಸಾಲದೆ ಇದ್ದಾಗ ಶುರುವಾದದ್ದು. ಈಗ ಪೆಟ್ಟಿಗೆ ಇರುವ ಕಡೆಯೂ ಮಾಡಿ ಅನ್ನುತ್ತಾರೆ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ, 1 ಕೆಜಿಯಿಂದ 1.8 ಕೆಜಿಯೊಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಕೆಎಂಸಿ ಶುರು ಮಾಡಿ ನೋಡಿದರು. ಸ್ಥಿರವಾಗಲಿ ಅಂತ ಕಾದು ಶುರು ಮಾಡಿದ ಮಕ್ಕಳಿಗೆ ಹೋಲಿಸಿದರೆ ಇವರಲ್ಲಿ ಮೊದಲ 28 ದಿನಗಳ ಸಾವು ಶೇ. 25ರಷ್ಟು ಕಡಿಮೆ ಇತ್ತು. ಅದು 2021ರಲ್ಲಿ ಪ್ರಕಟವಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಮಾಡಿ, ಆದಷ್ಟು ಬೇಗ ಶುರು ಮಾಡಿ ಅಂತ ಹೇಳಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಮನೆಯವರೆಗೆ ಇದನ್ನು ಮಾಡಿಸಿದ್ದಾರೆ.

ಹೇಗೆ ಅಂದರೆ, ಮಗುವಿಗೆ ಬರೀ ಡೈಪರ್, ಟೋಪಿ, ಕಾಲುಚೀಲ. ತಾಯಿ ಮುಂದೆ ತೆರೆಯುವ ನೈಟಿ ಹಾಕಿಕೊಂಡು ಸ್ವಲ್ಪ ಹಿಂದಕ್ಕೆ ಒರಗಿ ಕೂರಬೇಕು. ಮಗುವನ್ನು ಎದೆ ಮಧ್ಯೆ ನೆಟ್ಟಗೆ ಇಟ್ಟು, ಕಾಲು ಕಪ್ಪೆ ತರಹ ಮಡಿಸಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ ಬಟ್ಟೆ ಕಟ್ಟುತ್ತೇವೆ. ಮೂಗು ಮುಚ್ಚಬಾರದು, ಕತ್ತು ಮುಂದಕ್ಕೆ ಬಾಗಬಾರದು. ಒಂದು ಸಲ ಕೂತರೆ ಒಂದು ಗಂಟೆಯಾದರೂ ಏಳಬಾರದು. ಸಿಪ್ಯಾಪ್ ಇದ್ದರೂ ಆಗುತ್ತೆ, ಆದರೆ ಅದು ನಿಮ್ಮ ಡಾಕ್ಟರು ಮಗುವನ್ನು ನೋಡಿ ಹೇಳಬೇಕಾದ ಮಾತು. ನಾಳೆಯೇ ಕೇಳಿ. ಬೆಳಿಗ್ಗೆ ಸಂಜೆ ಮಾತ್ರ ಬಿಡುತ್ತೇವೆ ಅಂದರೆ ವಿನಯವಾಗಿ, ಆದರೆ ಬಿಡದೆ ಕೇಳಿ.

ತಂದೆಯೂ ಮಾಡಬಹುದು. ಅಜ್ಜಿ, ದೊಡ್ಡಮ್ಮ, ಅಂದರೆ ನೀವೂ ಮಾಡಬಹುದು. ಕೆಮ್ಮು, ನೆಗಡಿ, ಚರ್ಮದ ಸೋಂಕು ಇರಬಾರದು, ಸ್ನಾನ ಮಾಡಿ ಬರಬೇಕು, ಬಳೆ ಉಂಗುರ ತೆಗೆದಿಟ್ಟು ಮೊಣಕೈವರೆಗೆ ಕೈ ತೊಳೆಯಬೇಕು. ಅಂಗಿ ಬಿಚ್ಚಿ ಮಗುವನ್ನು ಎದೆಗೆ ಹಾಕಿಕೊಂಡು ಕೂತ ಅಪ್ಪಂದಿರನ್ನು ದಿನಾ ನೋಡುತ್ತೇನೆ. ಮೊದಲ ಐದು ನಿಮಿಷ ಉಸಿರೇ ಬಿಗಿಹಿಡಿದಿರುತ್ತಾರೆ, ಆಮೇಲೆ ಭುಜ ಸಡಿಲಾಗುತ್ತೆ.

ಮಾನಿಟರ್ ಕೂಗಿದರೆ ತಂಗಿಗೆ ಗಾಬರಿ ಬೇಡ ಅನ್ನಿ. ಎಷ್ಟೋ ಸಲ ಕಾಲಿಗೆ ಕಟ್ಟಿದ ವೈರು ಸಡಿಲಾಗಿರುತ್ತೆ. ಪರದೆ ನೋಡೋದು ಬಿಟ್ಟು ಮಗುವಿನ ಮುಖ ನೋಡಲಿ, ಏನು ಅಂತ ಸಿಸ್ಟರನ್ನು ಕೇಳಲಿ. ಟ್ಯೂಬಿನಲ್ಲಿ ಹಾಲು ಯಾಕೆ ಅಂತಲೂ ಚಿಂತೆ ಬೇಡ. ಚೀಪೋದು, ನುಂಗೋದು, ಉಸಿರಾಡೋದು ಮೂರನ್ನೂ ಒಟ್ಟಿಗೆ ಮಾಡೋಕೆ ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರ ಆಗಬೇಕು. ನಡುವೆ ಒಳಲೆಯಲ್ಲಿ ಕುಡಿಸೋದು ಕಲಿಸುತ್ತೇವೆ. ಬಾಟಲಿ ತರಬೇಡಿ.

ಏಳು ತಿಂಗಳದ್ದು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ ಅಂತ ಯಾರಾದರೂ ಹೇಳೋಕೆ ಬಂದರೆ ಅಲ್ಲೇ ನಿಲ್ಲಿಸಿ. ಶುದ್ಧ ಸುಳ್ಳು. ಒಳಗೆ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗುವಿಗೆ ಒಳ್ಳೆಯದೇ.

ಇಬ್ಬರ_ಅಪ್ಪ

ಅಕ್ಕ, ಭಾವಮೈದುನನೋ ತಮ್ಮನೋ ಯಾರಾದರೂ ಒಬ್ಬರನ್ನು ತಂಗಿಯ ಗಂಡನ ಜೊತೆ ಬಿಡಿ. ಎನ್‌ಐಸಿಯು ಹೊರಗಿನ ಬೆಂಚಿನಲ್ಲಿ ಕೂರೋ ಗಂಡಸರನ್ನು ಯಾರೂ ಮಾತಾಡಿಸಲ್ಲ. ಬಿಲ್ಲು, ಸಹಿ, ಔಷಧಿ ಚೀಟಿ ಎಲ್ಲ ಅವನ ಕೈಗೇ ಬರುತ್ತೆ. ಡಾಕ್ಟರು ಮಾತಾಡುವಾಗ ಪಕ್ಕದಲ್ಲಿ ಇನ್ನೊಬ್ಬರು ನಿಂತು ಬರೆದುಕೊಂಡರೆ ಸಾಕು, ಅರ್ಧ ಭಾರ ಇಳಿಯುತ್ತೆ. ಆ ಹೊತ್ತಿನಲ್ಲಿ ತಲೆಗೆ ಏನೂ ಹೋಗುವುದಿಲ್ಲ, ನಿಜ ಹೇಳುತ್ತೇನೆ.

ದುಡ್ಡಿನ ವಿಷಯ ಮುಚ್ಚುಮರೆ ಇಲ್ಲದೆ ಮಾತಾಡಿ. ಖಾಸಗಿಯಲ್ಲಿ ಕೈ ಮೀರುತ್ತಿದೆ ಅನಿಸಿದರೆ ಸರ್ಕಾರಿ ಆಸ್ಪತ್ರೆಗಳ ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ರಕ್ತ ಎಲ್ಲ ಉಚಿತ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರಿನಲ್ಲೂ ವಿಚಾರಿಸಿ. ಕಂಪನಿಯ ಇನ್ಶೂರೆನ್ಸ್ ಇದ್ದರೆ ಮಗುವಿನ ಹೆಸರು ಸೇರಿಸೋಕೆ ಗಡುವು ಇರುತ್ತೆ, ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕಿಸಿ.

ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಕೈತಪ್ಪಬಾರದ್ದು ಕಣ್ಣಿನ ಪರೀಕ್ಷೆ. ಆರ್‌ಒಪಿ ಅನ್ನುತ್ತಾರೆ. ದಿನ ತುಂಬದ ಮಕ್ಕಳ ಕಣ್ಣಿನ ಹಿಂಭಾಗದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ, ಕೆಲವರಲ್ಲಿ ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದು. ಹೊರಗಿಂದ ಏನೂ ಕಾಣಲ್ಲ. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ಇದ್ದ ಎಲ್ಲ ಮಕ್ಕಳಿಗೂ ನಮ್ಮಲ್ಲಿ ಮಾಡಿಸಬೇಕು. ಮೊದಲ ಪರೀಕ್ಷೆ ಹುಟ್ಟಿ 30 ದಿನದೊಳಗೆ. ನಿಮ್ಮ ಮಗು ತುಂಬ ಚಿಕ್ಕದು, ಇನ್ನೂ ಬೇಗ, ಮೂರನೇ ವಾರದಲ್ಲೇ ಬೇಕಾಗಬಹುದು, ದಿನ ಯಾವುದು ಅಂತ ಈಗಲೇ ಕೇಳಿ. ಒಂದೇ ಸಲಕ್ಕೆ ಮುಗಿಯೋದೂ ಅಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಕಿಡ್‌ರಾಪ್ ಅಂತ ಒಂದು ಕೆಲಸ ಮಾಡುತ್ತಿದ್ದಾರೆ. ತರಬೇತಿ ಪಡೆದವರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಮಗುವಿನ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ, ಅಲ್ಲಿ ಕೂತು ಡಾಕ್ಟರು ನೋಡುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾರು ಬರುತ್ತಾರೆ ಅಂತ ಕೇಳಿ ಇಟ್ಟುಕೊಳ್ಳಿ. ಕಿವಿ ಪರೀಕ್ಷೆಯನ್ನೂ ಬರೆಸಿಕೊಳ್ಳಿ.

ದೂರದೂರಿಂದ

ನಾನು ಬ್ರಿಟನ್ನಿನಲ್ಲಿರುವ ಕನ್ನಡತಿ, ನನ್ನ ಮಗಳೂ ಬೇಗ ಹುಟ್ಟಿದವಳೇ. ಇಲ್ಲಿ 2025ರ ಏಪ್ರಿಲ್‌ನಿಂದ ಹೊಸ ಕಾನೂನು ಇದೆ. ಮಗು ಆಸ್ಪತ್ರೆಯಲ್ಲಿದ್ದರೆ ಉದ್ಯೋಗದಲ್ಲಿರುವ ಅಪ್ಪ ಅಮ್ಮನಿಗೆ 12 ವಾರದವರೆಗೆ ಬೇರೆಯೇ ರಜೆ ಸಿಗುತ್ತೆ, ಹೆರಿಗೆ ರಜೆಯಿಂದ ಕಳೆಯುವುದಿಲ್ಲ. ನಮ್ಮ ದೇಶದಲ್ಲೂ ಬರಲೇಬೇಕು ಅಂತ ನನ್ನಾಸೆ. ಅಲ್ಲಿಯವರೆಗೆ ಇದೊಂದು ಗೊತ್ತಿರಲಿ: ತಂಗಿ ಕೆಲಸದಲ್ಲಿದ್ದರೆ, 26 ವಾರದ ಹೆರಿಗೆ ರಜೆಯ ಜೊತೆಗೆ, ಅವಧಿಗೆ ಮುಂಚಿನ ಹೆರಿಗೆಯಿಂದ ತಾಯಿಗೆ ಆರೋಗ್ಯ ಕೆಟ್ಟಿದ್ದರೆ ಡಾಕ್ಟರ ದಾಖಲೆ ಕೊಟ್ಟು ಇನ್ನೂ ಒಂದು ತಿಂಗಳವರೆಗೆ ಸಂಬಳದ ರಜೆ ಕೇಳೋಕೆ ನಮ್ಮ ಕಾನೂನಿನಲ್ಲೇ ಅವಕಾಶ ಇದೆ. ಬಹಳ ಜನ ಇದನ್ನು ಕೇಳುವುದೇ ಇಲ್ಲ.

ದಾವಣಗೆರೆ_ಅಕ್ಕ

ಕಣ್ಣು ತುಂಬಿ ಬಂತು, ಎಲ್ಲರಿಗೂ ಕೈಮುಗಿಯುತ್ತೇನೆ. ಗುಂಪಿನಲ್ಲಿ ಈಗಷ್ಟೇ ಬರೆದೆ. ಕೆಎಂಸಿ ವಿಷಯ ನಾಳೆ ರೌಂಡ್ಸಿನಲ್ಲಿ ಕೇಳುತ್ತೇವೆ. ಮನೆಗೆ ಬಂದ ಮೇಲಿನದ್ದು ಒಂದು ಕೇಳಲಾ? ಅಮ್ಮ ಈಗಲೇ ಎಣ್ಣೆ ಸ್ನಾನ, ಸಾಂಬ್ರಾಣಿ ಹೊಗೆ, ಬಜೆ ಅಂತ ಪಟ್ಟಿ ಮಾಡುತ್ತಿದ್ದಾರೆ. ಬೇಡ ಅಂದರೆ ನಿಮ್ಮನ್ನೆಲ್ಲ ಹಾಗೇ ಸಾಕಲಿಲ್ವಾ ಅನ್ನುತ್ತಾರೆ.

ಎನ್‌ಐಸಿಯು_ಸಿಸ್ಟರ್

ಅಮ್ಮನಿಗೆ ಬೇಡ ಅನ್ನೋದಕ್ಕಿಂತ ಬೇರೆ ಕೆಲಸ ಕೊಡಿ. ಹೊಗೆ ಖಂಡಿತ ಬೇಡ, ಶ್ವಾಸಕೋಶ ಇನ್ನೂ ಎಳೆಯದು. ಬಜೆ, ಜೇನು, ಗ್ರೈಪ್ ವಾಟರ್ ಯಾವುದೂ ಬೇಡ, ತಾಯಿ ಹಾಲು ಮತ್ತು ಡಾಕ್ಟರು ಬರೆದ ಡ್ರಾಪ್ಸ್ ಅಷ್ಟೇ. ಸ್ನಾನ ಡಾಕ್ಟರು ಹೇಳಿದ ಮೇಲೆ. ಕೆಎಂಸಿ ಮನೆಯಲ್ಲೂ ನಡೀಬೇಕು, ಅದನ್ನು ಅಜ್ಜಿಗೆ ಕಲಿಸಿ, ಖುಷಿಯಿಂದ ಮಾಡುತ್ತಾರೆ. ಬಂದವರು ಮಗುವನ್ನು ಎತ್ತಿಕೊಂಡು ಮುತ್ತು ಕೊಡದ ಹಾಗೆ ಬಾಗಿಲಲ್ಲಿ ಕಾಯೋ ಜವಾಬ್ದಾರಿಯೂ ಅವರದ್ದೇ ಇರಲಿ. ಹಿರಿಯರು ಹೇಳಿದರೆ ಜನ ಕೇಳುತ್ತಾರೆ.

ಮಗು 40 ವಾರಕ್ಕೆ ಹುಟ್ಟಬೇಕಿತ್ತು, ಹಾಗಾಗಿ ವಯಸ್ಸು ಲೆಕ್ಕ ಹಾಕುವಾಗ 11 ವಾರ ಕಳೆಯಿರಿ. ಹುಟ್ಟಿ ಆರು ತಿಂಗಳಾದಾಗ ಅವಳಿಗೆ ಮೂರೂವರೆ ತಿಂಗಳು ಅಂತಲೇ ನೋಡಬೇಕು. ಕತ್ತು ನಿಲ್ಲಲಿಲ್ಲ, ಮಗುಚಲಿಲ್ಲ ಅಂತ ಪಕ್ಕದ ಮನೆ ಮಗುವಿಗೆ ಹೋಲಿಸೋದು ಬೇಡ. ಎರಡು ವರ್ಷದವರೆಗೂ ಹೀಗೇ. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕ, ಅದನ್ನು ಮುಂದೂಡಬೇಡಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಡಿಸ್ಚಾರ್ಜ್ ಚೀಟಿ ತೋರಿಸಿ. ಬೆಳವಣಿಗೆಯಲ್ಲಿ ಅನುಮಾನ ಇದ್ದರೆ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅಂತ, ಮಕ್ಕಳ ಬೆಳವಣಿಗೆ ತೊಂದರೆಯನ್ನು ಬೇಗ ಗುರುತಿಸಿ ನೋಡೋ ಕೇಂದ್ರ ಇರುತ್ತೆ, ಅಲ್ಲಿ ತೋರಿಸಬಹುದು.

ಹಾಲು ಕುಡಿಯೋದು ಬಿಟ್ಟರೆ, ಕೈಕಾಲು ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ, ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ರಾತ್ರಿ ಎಷ್ಟು ಹೊತ್ತಾದರೂ ಆಸ್ಪತ್ರೆಗೆ ಹೋಗಿ.

ತಂಗಿಯ ಮೇಲೂ ಕಣ್ಣಿರಲಿ. ಮಗು ಮನೆಗೆ ಬಂದ ಮೇಲೆ ಎಲ್ಲ ಸರಿಹೋಯಿತು ಅಂತ ಮನೆಯವರು ಹಗುರಾಗುತ್ತಾರೆ, ಎಷ್ಟೋ ತಾಯಂದಿರು ಕುಸಿಯೋದು ಆಗಲೇ. ಮಗು ಮಲಗಿದ್ದರೂ ನಿದ್ದೆ ಬರುತ್ತಿಲ್ಲ, ಸುಮ್ನೆ ಅಳು ಬರುತ್ತೆ, ಮಗುವನ್ನು ಮುಟ್ಟೋಕೇ ಭಯ, ಹೀಗೇನಾದರೂ ಎರಡು ವಾರ ಕಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕೂ ಮುಂಚೆ ಜೀವ ಬೇಡ ಅನ್ನೋ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡೂ ಇದೆ.

ನಾಳೆ ಹೋಗುವಾಗ ಮುಂದೆ ತೆರೆಯೋ ನೈಟಿ, ಮಗುವಿನ ಟೋಪಿ, ಒಗೆದು ಬಿಸಿಲಲ್ಲಿ ಒಣಗಿಸಿದ ಮೆತ್ತನೆ ಹತ್ತಿ ಸೀರೆ ತುಂಡು ತೆಗೆದುಕೊಂಡು ಹೋಗಿ. ಡಾಕ್ಟರು ಏನಂದರು ಅಂತ ಇಲ್ಲಿ ಬರೆಯಿರಿ.