ಟೊಮೆಟೊ ಕಾಯಿಯ ತಳ ಕಪ್ಪಾಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ವಿಜಯನಗರದ ನಮ್ಮ ಮನೆ ತಾರಸಿಯಲ್ಲಿ 12 ಇಂಚಿನ ಆರು ಗ್ರೋ ಬ್ಯಾಗ್‌ನಲ್ಲಿ ಅರ್ಕಾ ರಕ್ಷಕ್ ಟೊಮೆಟೊ ಹಾಕಿದ್ದೇನೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ, ಎಲೆ ಮುದುರು ರೋಗ ತಡೆಯುತ್ತದೆ ಅಂತಲೇ ಆರಿಸಿದ್ದು. ಒಂದು ಎಲೆಯೂ ಮುದುರಿಲ್ಲ.

ಆದರೆ ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದ ಕೂಡಲೇ ತಳದಲ್ಲಿ ಕಂದು ಚುಕ್ಕೆ. ನಾಲ್ಕೈದು ದಿನದಲ್ಲಿ ಅದು ಕಪ್ಪಾಗಿ, ಚಪ್ಪಟೆಯಾಗಿ, ಚರ್ಮದ ಹಾಗೆ ಗಟ್ಟಿಯಾಗುತ್ತದೆ. ಕುಯ್ದು ನೋಡಿದೆ, ಹುಳು ಇಲ್ಲ. ಕಾಯಿಗೆ ಕ್ಯಾಲ್ಸಿಯಂ ಸಾಲದೆ ಹೀಗಾಗುತ್ತದೆ, ನೀರು ಒಂದೇ ಸಮ ಸಿಗದಿದ್ದರೆ ಇನ್ನೂ ಜಾಸ್ತಿ ಅಂತ ಗೊತ್ತು. ನಾನು ಬೆಳಗ್ಗೆ ಒಂದೇ ಸಲ ನೀರು ಹಾಕಿ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಬರುವಷ್ಟರಲ್ಲಿ ಗಿಡ ಜೋತುಬಿದ್ದಿರುತ್ತದೆ. ಮೊಟ್ಟೆ ಚಿಪ್ಪಿನ ಪುಡಿ ಹಾಕಿದೆ, ಅದು ಕರಗಲು ತಿಂಗಳುಗಟ್ಟಲೆ ಬೇಕು ಅಲ್ವಾ?

ಈಗಿರುವ ಹೂವು, ಪಿಂದೆ ಉಳಿಸಿಕೊಳ್ಳಲು ಏನು ಮಾಡಲಿ? ಬುಡಕ್ಕೆ ಒಣ ಎಲೆ ಮುಚ್ಚಿದರೆ ಸಾಕಾ, ಡ್ರಿಪ್ ಹಾಕಿಸಲೇಬೇಕಾ? ಅಮ್ಮ ದಿನಾ ಬೆಳಗ್ಗೆ ಕಾಯಿ ಎಣಿಸುತ್ತಾರೆ, ನೋಡಿದರೆ ಸಂಕಟ ಆಗುತ್ತದೆ.

ಪುದೀನ, ದೊಡ್ಡಪತ್ರೆ ಚೆನ್ನಾಗಿವೆ. ಕೊತ್ತಂಬರಿ ಮಾತ್ರ ಗೇಣುದ್ದ ಆಗುವ ಮೊದಲೇ ಹೂ ಬಿಡುತ್ತಿದೆ. ಬಿಸಿಲು ಜಾಸ್ತಿಯಾಯಿತೇನೋ. ನೆರಳು ಬಲೆ ಕಟ್ಟಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ.